ರಾವುತನೂ ಮಂದೆಯ ನಾಯಿಯೂ

ನಾಯಿಯ ವಿಷಯದಲ್ಲಿ ನಮ್ಮ ಭಾಷೆ ಬಹುಕಾಲದಿಂದ ಎರಡು ಬಗೆಯಾಗಿ ಮಾತನಾಡುತ್ತ ಬಂದಿದೆ. ಹೀನವಾದ ಬಾಳನ್ನು ನಾಯಿಪಾಡು ಎನ್ನುತ್ತೇವೆ; ತಿದ್ದಲಾಗದ ಸ್ವಭಾವವನ್ನು ಕಂಡಾಗ ನಾಯಿಯ ಬಾಲದ ಡೊಂಕನ್ನು ನೆನೆಯುತ್ತೇವೆ; ಸಿಟ್ಟು ಬಂದರೆ ಮನುಷ್ಯನಿಗೂ ಅದರ ಹೆಸರನ್ನೇ ಕೊಡುತ್ತೇವೆ. ಆದರೆ ನಿಯತ್ತಿಗೆ ಒಂದು ನಿದರ್ಶನ ಬೇಕಾಯಿತೆಂದರೆ ಮತ್ತೆ ಅದೇ ಪ್ರಾಣಿಯ ಬಳಿಗೆ ಹೋಗುತ್ತೇವೆ. ಮಹಾಪ್ರಸ್ಥಾನದ ಹಾದಿಯಲ್ಲಿ ದ್ರೌಪದಿಯೂ ನಾಲ್ವರು ತಮ್ಮಂದಿರೂ ಒಬ್ಬೊಬ್ಬರಾಗಿ ಬಿದ್ದ ಮೇಲೆ ಧರ್ಮರಾಯನ ಜೊತೆಗುಳಿದದ್ದು ಒಂದು ನಾಯಿ. ಅದನ್ನು ಬಿಟ್ಟು ಸ್ವರ್ಗಕ್ಕೂ ಬರಲಾರೆನೆಂದು ಆತ ಹಠ ಹಿಡಿದ ಕಥೆಯನ್ನು ಅಜ್ಜಿಯ ಬಾಯಿಂದ ಕೇಳದವರು ನಮ್ಮಲ್ಲಿ ವಿರಳ.

ಶಾಸನಗಳನ್ನು ಪಾಠ ಹೇಳುವ ನನಗೆ ಮತ್ತೊಂದು ನಾಯಿಯೂ ಪರಿಚಿತ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಹತ್ತನೆಯ ಶತಮಾನದ ಕಲ್ಲೊಂದರಲ್ಲಿ ಕಾಳಿ ಎಂಬ ಬೇಟೆನಾಯಿಯ ವೃತ್ತಾಂತವಿದೆ. ತಕ್ಕೋಲದ ಕಾಳಗದಲ್ಲಿ ಪರಾಕ್ರಮ ಮೆರೆದ ಮಣಲೇರನೆಂಬ ವೀರ ಪ್ರಭುವಿನಿಂದ ಮೆಚ್ಚುಗೆಯಾಗಿ ಬೇಡಿ ಪಡೆದದ್ದು ಆ ನಾಯಿಯನ್ನು. ಮುಂದೆ ಅದು ದೊಡ್ಡದೊಂದು ಕಾಡುಹಂದಿಯೊಡನೆ ಸೆಣಸಿ, ಹಂದಿಯೊಡನೆ ತಾನೂ ಸತ್ತಿತು. ಅದರ ನೆನಪಿಗಾಗಿ ಕಲ್ಲು ನಿಲ್ಲಿಸಿ, ಭೂಮಿಯನ್ನು ದತ್ತಿ ಬಿಟ್ಟರು. ಈ ಶಾಸನವನ್ನು ಓದುವಾಗಲೆಲ್ಲ ನನ್ನ ಗಮನಕ್ಕೆ ಬರುವ ಸಂಗತಿ ಒಂದುಂಟು: ಕಾಳಿಯ ಬಣ್ಣವೇನು, ಕಿವಿಯ ಆಕಾರವೇನು ಎಂಬುದನ್ನು ಬರೆಸಿದವರು ಹೇಳಲಿಲ್ಲ. ಅದು ಏನು ಮಾಡಿತು ಎಂಬುದನ್ನು ಮಾತ್ರ ಹೇಳಿದರು.

ನಾಯಿಯ ಬೆಲೆ ಅದು ಮಾಡುವ ಕೆಲಸದಲ್ಲಿದೆ ಎಂಬ ಈ ತಿಳಿವಳಿಕೆಯನ್ನೇ ಬಾಳಿನ ವ್ರತವನ್ನಾಗಿ ಹಿಡಿದ ಮನುಷ್ಯನೊಬ್ಬ ಆ ಕಲ್ಲು ನೆಟ್ಟ ಒಂಬೈನೂರು ವರ್ಷಗಳ ತರುವಾಯ ಜರ್ಮನಿಯಲ್ಲಿ ಹುಟ್ಟಿದ. ಆತನ ಹೆಸರು ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್. ನಾಯಿಗಳನ್ನು ಸಾಕಿ ಪಳಗಿಸುವವರ ವಲಯದಲ್ಲಿ ಜಗತ್ತಿನಾದ್ಯಂತ ಪ್ರಸಿದ್ಧವಾದ ಈ ಹೆಸರು ನಮ್ಮ ಸಾಮಾನ್ಯ ಓದುಗರ ಕಿವಿಗೆ ಹೊಸದಾಗಿರಬಹುದು. ಆದರೆ ಆತ ರೂಪಿಸಿದ ಪ್ರಾಣಿಯನ್ನು ಕಾಣದವರಿಲ್ಲ. ಕಿವಿ ನಿಮಿರಿಸಿ, ನೆಲ ಮೂಸುತ್ತ ಪೊಲೀಸರ ಮುಂದೆ ಸಾಗುವ, ನಮ್ಮವರು ಆಲ್ಸೇಷಿಯನ್ ಎಂದೂ ಜರ್ಮನ್ ಶೆಫರ್ಡ್ ಎಂದೂ ಕರೆಯುವ ನಾಯಿ ಅದು. ಇಂದು ಲೋಕದ ನಾನಾ ದೇಶಗಳಲ್ಲಿ ನಾಯಿಗಳಿಗೆ ವಿಧೇಯತೆಯ ಪರೀಕ್ಷೆಗಳೂ ಪಂದ್ಯಗಳೂ ನಡೆಯುತ್ತಿದ್ದರೆ, ಆ ಹೊಳೆಯ ಒಂದು ಮುಖ್ಯ ಒರತೆ ಈತನ ಅಂಗಳದಲ್ಲಿದೆ.

ಸ್ಟೆಫಾನಿಟ್ಸ್ ಹುಟ್ಟಿದ್ದು ೧೮೬೪ರ ಡಿಸೆಂಬರ್ ೩೦ರಂದು, ಸ್ಯಾಕ್ಸನಿಯ ಡ್ರೆಸ್ಡೆನ್ ನಗರದಲ್ಲಿ. ಶ್ರೀಮಂತ ಮನೆತನ, ಆ ಕಾಲದ ಅಂಥ ಮನೆಗಳ ಮಕ್ಕಳು ಹಿಡಿಯುತ್ತಿದ್ದ ದಾರಿಯನ್ನೇ ಹಿಡಿದು ಆತ ಕುದುರೆಪಡೆಯ ಅಧಿಕಾರಿಯಾದ. ನಮ್ಮ ಹಳೆಯ ಮಾತಿನಲ್ಲಿ ಹೇಳುವುದಾದರೆ ರಾವುತನಾದ. ಸೇವೆಯ ನಡುವೆ ಕೆಲಕಾಲ ಬರ್ಲಿನ್ನಿನ ಪಶುವೈದ್ಯ ವಿದ್ಯಾಲಯಕ್ಕೆ ನಿಯುಕ್ತನಾದದ್ದು ಆತನ ಬಾಳಿನ ದಿಕ್ಕನ್ನು ನಿರ್ಧರಿಸಿತೆನ್ನಬಹುದು. ಎಲುಬು ಹೇಗೆ ಎಲುಬಿಗೆ ಕೂಡುತ್ತದೆ, ಯಾವ ಭುಜದ ಯಾವ ಓರೆಯಿಂದ ನಡಿಗೆ ಹಗುರಾಗುತ್ತದೆ, ತಂದೆತಾಯಿಗಳ ಗುಣದೋಷಗಳು ಮರಿಗೆ ಹೇಗೆ ಇಳಿದುಬರುತ್ತವೆ ಎಂಬ ವಿಚಾರಗಳು ಅಲ್ಲಿ ಆತನ ಮನಸ್ಸನ್ನು ಹಿಡಿದವು.

ಸೈನ್ಯದ ಕವಾಯತುಗಳ ನಿಮಿತ್ತ ಹಳ್ಳಿಗಾಡಿನಲ್ಲಿ ಅಲೆಯುವಾಗ ಆತ ಕುರಿಗಾಹಿಗಳ ನಾಯಿಗಳನ್ನು ಕಂಡ. ಜರ್ಮನಿಯ ಮಂದೆನಾಯಿಯ ಕೆಲಸವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ನಮ್ಮ ಕುರುಬರ ನಾಯಿ ಹೆಚ್ಚಾಗಿ ಕಾವಲಿನದು. ತೋಳ ಬಂದರೆ, ಕಳ್ಳ ಬಂದರೆ ಬೊಗಳಿ ಎದುರಿಸುವುದು ಅದರ ಧರ್ಮ. ಜರ್ಮನಿಯ ಬಯಲುಸೀಮೆಯಲ್ಲಿ ಕುರಿ ಮೇಯುವ ಹುಲ್ಲಿನ ಪಟ್ಟಿಗೆ ಅಂಟಿಕೊಂಡೇ ರೈತನ ಗೋಧಿ ನಿಂತಿರುತ್ತದೆ, ನಡುವೆ ಬೇಲಿಯಿಲ್ಲ. ಕುರಿಗಾಹಿ ಮುಂದೆ ನಿಂತಿರುತ್ತಾನೆ. ನಾಯಿ ಆ ಗಡಿಯ ನೇಗಿಲಸಾಲಿನ ಗುಂಟ ಇಡೀ ದಿನ ಹಿಂದಕ್ಕೂ ಮುಂದಕ್ಕೂ ಓಡುತ್ತ ತಾನೇ ಬೇಲಿಯಾಗುತ್ತದೆ. ಪೈರಿಗೆ ಬಾಯಿ ಹಾಕಲು ಬಂದ ಕುರಿಯನ್ನು ನೋಟದಿಂದಲೇ ಹಿಂದೆ ತಳ್ಳಬೇಕು. ಹಟಮಾರಿ ಕುರಿಯಾದರೆ ಗಾಯವಾಗದಂತೆ ಒಮ್ಮೆ ಹಿಡಿದು ಬಿಡಬಹುದು, ಹರಿಯಬಾರದು. ಒಡೆಯ ನೂರು ಮಾರು ದೂರದಲ್ಲಿದ್ದಾನೆ. ಪ್ರತಿಯೊಂದು ಕುರಿಗೂ ಆತನಿಂದ ಅಪ್ಪಣೆ ಬರುವುದಿಲ್ಲ. ಆದುದರಿಂದ ಅಪ್ಪಣೆಯ ಅಕ್ಷರಕ್ಕಿಂತ ಅದರ ಅರ್ಥವನ್ನು ಹಿಡಿದು ನಡೆಯುವ ಬುದ್ಧಿ ಆ ನಾಯಿಗಿರಬೇಕು. ಸ್ಟೆಫಾನಿಟ್ಸ್ ಮಾರುಹೋದದ್ದು ಈ ಬುದ್ಧಿಗೆ.

ಆದರೆ ಆತ ಈ ನಾಯಿಯನ್ನು ಮೆಚ್ಚುವ ಹೊತ್ತಿಗೆ ಅದರ ಕಾಲ ಮುಗಿಯುತ್ತ ಬಂದಿತ್ತು. ರೈಲುಹಾದಿಗಳು ಹಬ್ಬಿದ್ದವು; ಕಾರ್ಖಾನೆಗಳು ಎದ್ದಿದ್ದವು; ದೂರದೇಶದ ಉಣ್ಣೆ ಅಗ್ಗವಾಗಿ ಬಂದಿಳಿಯುತ್ತಿತ್ತು; ಮಂದೆಗಳು ಕುಗ್ಗುತ್ತಿದ್ದವು. ಒಂದೊಂದು ಸೀಮೆಯ ನಾಯಿಗೆ ಒಂದೊಂದು ರೂಪ: ಒಂದಕ್ಕೆ ನಿಮಿರಿದ ಕಿವಿ, ಇನ್ನೊಂದಕ್ಕೆ ಜೋಲುಗಿವಿ, ಒಂದಕ್ಕೆ ಗಿಡ್ಡಕೂದಲು, ಇನ್ನೊಂದಕ್ಕೆ ಜಡೆಗೂದಲು. ಇವುಗಳನ್ನು ಒಂದು ತಳಿಯಾಗಿ ಕೂಡಿಸಲು ೧೮೯೧ರಲ್ಲಿ ಫಿಲಾಕ್ಸ್ ಎಂಬ ಸಂಘವೊಂದು ಹುಟ್ಟಿತು. ಗ್ರೀಕ್ ಭಾಷೆಯಲ್ಲಿ ಆ ಶಬ್ದಕ್ಕೆ ಕಾವಲುಗಾರನೆಂದು ಅರ್ಥ. ಸದಸ್ಯರಲ್ಲಿ ಕೆಲವರು ಕೆಲಸಕ್ಕೂ ಕೆಲವರು ಚೆಲುವಿಗೂ ಒತ್ತುಕೊಟ್ಟು ಜಗಳವಾಡಿದರು. ೧೮೯೪ರ ಹೊತ್ತಿಗೆ ಸಂಘ ಚದುರಿಹೋಯಿತು. ಅಲ್ಲಿ ಕಂಡ ಬಿರುಕು ಮುಂದೆಯೂ ಮುಚ್ಚಲಿಲ್ಲವೆಂಬುದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಅಷ್ಟರಲ್ಲಿ ಸ್ಟೆಫಾನಿಟ್ಸನ ಬಾಳಿನಲ್ಲಿ ಒಂದು ತಿರುವು ಬಂತು. ೧೮೯೮ರಲ್ಲಿ ಆತನಿಗೆ ಕ್ಯಾಪ್ಟನ್ ಪದವಿ ದೊರೆಯಿತು. ಆದರೆ ಆತ ಕೈಹಿಡಿದದ್ದು ರಂಗಭೂಮಿಯ ನಟಿಯೊಬ್ಬಳನ್ನು. ನಾಟಕದ ಹೆಣ್ಣೆಂದರೆ ಮೂಗು ಮುರಿಯುವ ಸಮಾಜ ನಮ್ಮಲ್ಲಿ ಮಾತ್ರ ಇತ್ತೆಂದು ಭಾವಿಸಬೇಕಾಗಿಲ್ಲ. ಜರ್ಮನಿಯ ಅಧಿಕಾರಿವರ್ಗಕ್ಕೂ ಆ ವಿವಾಹ ಸಹ್ಯವಾಗಲಿಲ್ಲ. ಆತ ಸೈನ್ಯವನ್ನು ಬಿಡಬೇಕಾಯಿತು. ಬವೇರಿಯದಲ್ಲಿ, ಮ್ಯೂನಿಕ್ಕಿನ ಪಶ್ಚಿಮಕ್ಕಿರುವ ಗ್ರಾಫ್ರಾಟ್ ಎಂಬಲ್ಲಿ ಆತನಿಗೆ ಜಮೀನಿತ್ತು. ಕುದುರೆಯಿಂದಿಳಿದ ರಾವುತ ಅಲ್ಲಿ ನಾಯಿಗಳ ನಡುವೆ ನೆಲೆಸಿದ. ಸೈನ್ಯ ಕಳೆದುಕೊಂಡದ್ದು ಒಬ್ಬ ಅಧಿಕಾರಿಯನ್ನು. ಅದರಿಂದ ಲೋಕಕ್ಕೆ ದೊರೆತದ್ದೇನೆಂಬುದು ಮರುವರ್ಷವೇ ತಿಳಿಯಿತು.

೧೮೯೯ರ ಏಪ್ರಿಲ್ ೩ರಂದು ಕಾರ್ಲ್ಸ್‌ರೂಹೆ ಪಟ್ಟಣದಲ್ಲಿ ಒಂದು ಶ್ವಾನ ಪ್ರದರ್ಶನ ನಡೆಯಿತು. ಸ್ಟೆಫಾನಿಟ್ಸ್ ತನ್ನ ಗೆಳೆಯ ಆರ್ತುರ್ ಮೈಯರನೊಡನೆ ಅದನ್ನು ನೋಡಲು ಹೋದ. ಅಲ್ಲಿ ತೋಳದ ಛಾಯೆಯ, ಸುಮಾರು ಎರಡಡಿ ಎತ್ತರದ, ಗಟ್ಟಿಮುಟ್ಟಾದ ನಾಲ್ಕು ವರ್ಷದ ಗಂಡುನಾಯಿಯೊಂದು ಆತನ ಕಣ್ಣಿಗೆ ಬಿತ್ತು. ಹೆಸರು ಹೆಕ್ಟರ್ ಲಿಂಕ್ಸ್‌ರೈನ್. ಮನಸ್ಸಿನಲ್ಲಿದ್ದ ಚಿತ್ರ ಎದುರಿಗೆ ಬಂದು ನಿಂತಂತಾಗಿ ಆತ ಅದನ್ನು ಅಲ್ಲಿಯೇ ಕೊಂಡುಕೊಂಡ. ಹೋರಾಂಡ್ ಫಾನ್ ಗ್ರಾಫ್ರಾಟ್ ಎಂದು ಹೊಸ ಹೆಸರಿಟ್ಟ. ಅದೇ ತಿಂಗಳ ೨೨ರಂದು ಜರ್ಮನ್ ಮಂದೆನಾಯಿಗಳ ಸಂಘ ಸ್ಥಾಪಿತವಾಯಿತು. ಸ್ಟೆಫಾನಿಟ್ಸ್ ಅಧ್ಯಕ್ಷ, ಮೈಯರ್ ಕಾರ್ಯದರ್ಶಿ. ಸ್ಥಾಪಕರಲ್ಲಿ ಪಟ್ಟಣದ ಗಣ್ಯರೊಡನೆ ಕುರಿಗಾಹಿಗಳೂ ಇದ್ದರು. ನಾಯಿಯನ್ನು ಬಲ್ಲವರ ಮಾತಿಗೆ ಸಭೆಯಲ್ಲಿ ಸ್ಥಾನವಿತ್ತೆಂಬುದಕ್ಕೆ ಇದು ಸಾಕ್ಷಿ. ಸಂಘದ ವಂಶಾವಳಿ ಪುಸ್ತಕದ ಮೊದಲನೆಯ ಸಂಖ್ಯೆ ಹೋರಾಂಡನಿಗೆ ಸಂದಿತು. ಆ ಪುಸ್ತಕ ಇಂದಿಗೂ ಮುಂದುವರಿಯುತ್ತಿದೆ.

ಹೋರಾಂಡನ ಸ್ವಭಾವವನ್ನು ಸ್ಟೆಫಾನಿಟ್ಸ್ ಮುಚ್ಚುಮರೆಯಿಲ್ಲದೆ ವರ್ಣಿಸಿದ್ದಾನೆ. ಒಡೆಯನಲ್ಲಿ ಅತಿಶಯವಾದ ನಿಷ್ಠೆ, ಮಕ್ಕಳಲ್ಲಿ ಹುಚ್ಚುಪ್ರೀತಿ, ಯಾರ ಮುಂದೆಯೂ ಬಾಲ ಮುದುರದ ದಿಟ್ಟತನ; ಆದರೆ ಚಿಕ್ಕಂದಿನಲ್ಲಿ ಶಿಕ್ಷಣವಿಲ್ಲದ್ದರಿಂದ ಒಂದೆಡೆ ನಿಲ್ಲದ ಪುಂಡತನ. ಅದರ ದೋಷಗಳೆಲ್ಲ ಹುಟ್ಟಿನವಲ್ಲ, ಸಾಕಿದ ರೀತಿಯವು. ಉಕ್ಕುವ ಶಕ್ತಿಗೆ ಉದ್ಯೋಗವಿಲ್ಲದೆ ಆ ನಾಯಿ ಕೆಟ್ಟಿತ್ತು. ಯಾರಾದರೂ ಅದಕ್ಕೊಂದು ಕೆಲಸ ಕೊಟ್ಟು ಜೊತೆಗಿದ್ದರೆ ಅದಕ್ಕಿಂತ ಹೇಳಿದಂತೆ ಕೇಳುವ ಪ್ರಾಣಿ ಮತ್ತೊಂದಿರಲಿಲ್ಲ ಎಂಬುದು ಆತನ ಅಭಿಪ್ರಾಯದ ಸಾರಾಂಶ. ತರಗತಿಯ ಹಿಂದಿನ ಬೆಂಚುಗಳನ್ನು ಇಪ್ಪತ್ತು ವರ್ಷಗಳಿಂದ ನೋಡುತ್ತಿರುವ ನನಗೆ ಈ ಮಾತು ನಾಯಿಯನ್ನು ಕುರಿತಷ್ಟೇ ಆಡಿದ್ದೆಂದು ತೋರುವುದಿಲ್ಲ.

ಹೋರಾಂಡನ ಮಗ ಹೆಕ್ಟರ್ ಫಾನ್ ಶ್ವಾಬನ್ ೧೯೦೦ ಮತ್ತು ೧೯೦೧ರಲ್ಲಿ ತಳಿಯ ಶ್ರೇಷ್ಠ ನಾಯಿಯೆಂಬ ಬಿರುದು ಪಡೆಯಿತು. ಅದರ ತಾಯಿ ಮಂದೆ ಕಾಯ್ದು ಹೆಸರಾದ ಹೆಣ್ಣುನಾಯಿ. ಇಂದಿನ ಜರ್ಮನ್ ಶೆಫರ್ಡುಗಳ ವಂಶವೃಕ್ಷವನ್ನು ಹಿಂದೆ ಹಿಂದೆ ಅರಸುತ್ತ ಹೋದರೆ ಈ ತಂದೆಮಕ್ಕಳ ಬಳಿಗೇ ಬರಬೇಕು. ಒಂದೇ ರಕ್ತವನ್ನು ಮತ್ತೆ ಮತ್ತೆ ಕೂಡಿಸುವುದರ ಅಪಾಯ ಪಶುವೈದ್ಯ ವಿದ್ಯಾಲಯದಲ್ಲಿದ್ದು ಬಂದವನಿಗೆ ತಿಳಿಯದ್ದಲ್ಲ. ಆದುದರಿಂದಲೇ ಆತ ಮಂದೆಗಳಲ್ಲಿ ದುಡಿಯುತ್ತಿದ್ದ ನಾಯಿಗಳ ಹೊಸ ರಕ್ತವನ್ನು ತಳಿಗೆ ತರುತ್ತಿದ್ದ. ೧೯೦೧ರಲ್ಲಿ ಈ ನಾಯಿಯನ್ನು ಕುರಿತು ಆತ ಪ್ರಕಟಿಸಿದ ಗ್ರಂಥ ಆವೃತ್ತಿಯಿಂದ ಆವೃತ್ತಿಗೆ ಬೆಳೆದು, ೧೯೨೦ರ ದಶಕದಲ್ಲಿ ಇಂಗ್ಲಿಷಿಗೂ ಹೋಯಿತು.

ಇಲ್ಲಿಂದ ಮುಂದೆ ಆತನ ಬದುಕಿನಲ್ಲಿ ಬೇರೆ ಮಾತಿಲ್ಲ. ದುಡಿಯಲಾರದ ನಾಯಿ ಎಷ್ಟು ಅಂದವಾಗಿದ್ದರೂ ಅದು ತಳಿಗೆ ಭಾರ; ದುಡಿಮೆಗೆ ಒದಗುವ ಅಂಗಸೌಷ್ಠವವೇ ಅದರ ಅಂದ. ಈ ಸೂತ್ರವನ್ನು ಬಾಯಿಮಾತಾಗಿ ಬಿಡದೆ ಪರೀಕ್ಷೆಯ ಕಲ್ಲಿಗೆ ಹಚ್ಚಿದ್ದು ಸ್ಟೆಫಾನಿಟ್ಸನ ಹಿರಿಮೆ. ಮೊದಲು ಬಂದದ್ದು ಮಂದೆ ಕಾಯುವ ಪಂದ್ಯ. ಇನ್ನೂರಕ್ಕೆ ಕಡಿಮೆಯಿಲ್ಲದ ಕುರಿಗಳನ್ನು ದೊಡ್ಡಿಯಿಂದ ಹೊರಡಿಸಬೇಕು, ರಸ್ತೆಯ ಒಂದು ಮಗ್ಗುಲಿಗೆ ಒತ್ತರಿಸಿ ನಡೆಸಬೇಕು, ಸೇತುವೆ ದಾಟಿಸಬೇಕು, ಎದುರಿಗೆ ಬಂಡಿ ಬಂದರೆ ದಾರಿ ಬಿಡಿಸಬೇಕು, ಇಕ್ಕಟ್ಟಾದ ಹುಲ್ಲಿನ ಪಟ್ಟಿಯಲ್ಲೂ ವಿಶಾಲವಾದ ಬಯಲಿನಲ್ಲೂ ಮೇಯಿಸಿ ಮತ್ತೆ ದೊಡ್ಡಿಗೆ ತುಂಬಬೇಕು. ಇದೆಲ್ಲಕ್ಕೂ ಅಂಕಗಳುಂಟು.

ಮಂದೆಗಳೇ ಇಲ್ಲವಾಗುತ್ತಿರುವಾಗ ಮಂದೆಯ ಪಂದ್ಯ ಎಷ್ಟು ದಿನ? ಈ ಪ್ರಶ್ನೆಯಿಂದ ಆತ ಕಣ್ತಪ್ಪಿಸಲಿಲ್ಲ. ಬೆಲ್ಜಿಯಮ್ಮಿನ ಗೆಂಟ್ ನಗರದಲ್ಲಿ ೧೮೯೯ರಲ್ಲಿಯೇ ಪೊಲೀಸರು ರಾತ್ರಿಯ ಗಸ್ತಿಗೆ ನಾಯಿಗಳನ್ನು ಹಚ್ಚಿದ್ದರು. ಕುರಿಯನ್ನು ಗಡಿಯೊಳಗಿಡಬಲ್ಲ ನಾಯಿ ಊರಿನ ಬೀದಿಯನ್ನೂ ಕಾಯಬಲ್ಲದೆಂದು ಸ್ಟೆಫಾನಿಟ್ಸ್ ಜರ್ಮನಿಯ ಪೊಲೀಸರಿಗೆ ಮನಗಾಣಿಸಿದ. ಕೆಲಸ ಬದಲಾದಂತೆ ಪರೀಕ್ಷೆಯೂ ಬದಲಾಯಿತು. ಸಂಘದ ಆಶ್ರಯದಲ್ಲಿ ಬೆಳೆದುಬಂದ ಆ ಪರೀಕ್ಷೆಗೆ ಮೂರು ಅಂಗಗಳು: ನೆಲ ಮೂಸಿ ಜಾಡು ಹಿಡಿಯುವುದು, ಹೇಳಿದಂತೆ ಕೇಳುವುದು, ಒಡೆಯನನ್ನು ಕಾಯುವುದು. ಇಂದು ಅಂತರರಾಷ್ಟ್ರೀಯ ಕ್ರೀಡೆಯಾಗಿರುವ ಇದಕ್ಕೆ ೨೦೧೯ರಲ್ಲಿ ಐಜಿಪಿ ಎಂಬ ಹೆಸರು ಬಂದಿದೆ. ಒಂದೊಂದು ಅಂಗಕ್ಕೆ ೧೦೦ರಂತೆ ಒಟ್ಟು ೩೦೦ ಅಂಕಗಳು. ಬೇರೆ ತಳಿಯ ನಾಯಿಗಳೂ ಇದರಲ್ಲಿ ಭಾಗವಹಿಸುತ್ತವೆ.

ಇವುಗಳಲ್ಲಿ ನಡುವಣ ಅಂಗವೇ ವಿಧೇಯತೆ. ನಾಯಿ ಹಗ್ಗವಿಲ್ಲದೆ ಒಡೆಯನ ಎಡಮೊಣಕಾಲಿಗೆ ಸರಿಯಾಗಿ ನಡೆಯಬೇಕು. ಆತ ಓಡಿದರೆ ಓಡಬೇಕು, ನಿಂತರೆ ಕುಳಿತುಕೊಳ್ಳಬೇಕು. ಜನರ ಗುಂಪಿನ ನಡುವೆ ಹಾಯಬೇಕು. ಬಂದೂಕಿನ ಸದ್ದಿಗೆ ಬೆದರಬಾರದು. ಎಸೆದ ಮರದ ತುಂಡನ್ನು ಅಡ್ಡಗಟ್ಟೆ ಹಾರಿ ಹೋಗಿ ತಂದು, ಕಚ್ಚಿ ಜಗಿಯದೆ ಒಡೆಯನ ಕೈಗೊಪ್ಪಿಸಬೇಕು. ಮತ್ತೊಂದು ನಾಯಿ ಬಯಲಿನಲ್ಲಿ ಓಡಾಡುತ್ತಿರುವಾಗಲೂ, ಮಲಗೆಂದು ಹೇಳಿದಲ್ಲಿ ಕದಲದೆ ಮಲಗಿರಬೇಕು. ತೀರ್ಪುಗಾರ ನೋಡುವುದು ಕೆಲಸ ಆಯಿತೆ ಎಂಬುದನ್ನಷ್ಟೇ ಅಲ್ಲ. ಕಿವಿ ಹಿಂದೆ ಸರಿದು, ಬಾಲ ತಗ್ಗಿ, ಮೈ ಕುಗ್ಗಿಸಿಕೊಂಡು ಮಾಡಿದ ಕೆಲಸಕ್ಕೆ ಅಂಕ ಕಡಿಮೆ. ಉತ್ಸಾಹದಿಂದ, ಒಡೆಯನ ಮುಖವನ್ನು ನೋಡುತ್ತ ಮಾಡಿದ ಕೆಲಸಕ್ಕೆ ಹೆಚ್ಚು. ಹೆದರಿ ನಡೆಯುವುದಕ್ಕೂ ಅರಿತು ನಡೆಯುವುದಕ್ಕೂ ಇರುವ ಅಂತರವನ್ನು ಅಂಕಪಟ್ಟಿಯಲ್ಲಿ ಬರೆಯಬಹುದೆಂಬುದು ಸಣ್ಣ ಸಂಗತಿಯಲ್ಲ.

ವಿಧೇಯತೆ ಎಂಬ ಮಾತು ಮೇಷ್ಟರಾದವರಿಗೆ ದಿನವೂ ಎದುರಾಗುತ್ತದೆ. ರಜಾ ಚೀಟಿಯ ಕೊನೆಯಲ್ಲಿ ಹುಡುಗರು ತಮ್ಮನ್ನು ವಿಧೇಯ ವಿದ್ಯಾರ್ಥಿಗಳೆಂದು ಕರೆದುಕೊಳ್ಳುತ್ತಾರೆ. ಬರೆಯುವವನೂ ಓದುವವನೂ ಆ ಶಬ್ದದ ಮೇಲೆ ಕಣ್ಣು ನಿಲ್ಲಿಸುವುದಿಲ್ಲ. ನಮ್ಮ ಕೋಶಗಳು ಇದಕ್ಕಿಂತ ಸೂಕ್ಷ್ಮವಾದವು. ಅಮರಕೋಶದಲ್ಲಿ ವಿನೀತ ಎಂಬ ಶಬ್ದ ಚೆನ್ನಾಗಿ ಪಳಗಿದ ಕುದುರೆಗೂ ಸಲ್ಲುತ್ತದೆ. ವಿನಯವೆಂದರೆ ಬಗ್ಗಿ ನಿಲ್ಲುವುದೆಂದು ಈಗ ತಿಳಿಯುತ್ತೇವೆ. ಅದರ ಮೂಲದಲ್ಲಿರುವುದು ಕೈಹಿಡಿದು ನಡೆಸುವ ಅರ್ಥ. ನಡೆಸುವವನೊಬ್ಬನಿಲ್ಲದೆ ವಿನಯವಿಲ್ಲ. ಸ್ಟೆಫಾನಿಟ್ಸನಿಗೆ ಸಂಸ್ಕೃತ ಬರುತ್ತಿರಲಿಲ್ಲ. ಆದರೆ ಆತ ನಾಯಿಯ ಶಿಕ್ಷಕರಿಗೆ ವಿಧಿಸಿದ ಮೊದಲ ನಿಯಮ ಇದೇ ಅರ್ಥದ್ದು. ನಾಯಿ ತಪ್ಪಿದಾಗ, ಹೇಳಿದ್ದನ್ನು ತಿಳಿಯದಾದಾಗ, ತಾನು ಎಲ್ಲಿ ತಪ್ಪಿದೆನೆಂದು ಶಿಕ್ಷಕ ಮೊದಲು ತನ್ನನ್ನು ಕೇಳಿಕೊಳ್ಳಬೇಕು. ಹೇಳುವ ಮಾತು ಚಿಕ್ಕದಾಗಿರಬೇಕು, ಎಂದೂ ಬದಲಾಗಬಾರದು. ನಾಯಿಯ ಮನಸ್ಸಿನೊಳಗೆ ನಿಂತು ಆಲೋಚಿಸಬೇಕು. ಸಿಟ್ಟು ಬಂದ ದಿನ ಪಾಠ ಹೇಳಬಾರದೆಂಬುದನ್ನು ನಾನೇ ಇದಕ್ಕೆ ಸೇರಿಸುತ್ತೇನೆ.

ಆ ಕಾಲದಲ್ಲಿ ಎಲ್ಲರ ಪದ್ಧತಿಯೂ ಮೃದುವಾಗಿತ್ತೆಂದಲ್ಲ. ೧೯೦೬ರಲ್ಲಿ ಸಾರ್‌ಬ್ರೂಕನ್ನಿನಲ್ಲಿ ಪೊಲೀಸ್ ನಾಯಿಗಳನ್ನು ಪಳಗಿಸತೊಡಗಿದ ಕಾನ್ರಾಡ್ ಮೋಸ್ಟ್ ೧೯೧೦ರಲ್ಲಿ ಬರೆದ ಪುಸ್ತಕ ಈ ವಿದ್ಯೆಗೆ ಶಾಸ್ತ್ರದ ರೂಪ ಕೊಟ್ಟಿತು. ಮೆಚ್ಚುಗೆಯಾಗಲಿ ದಂಡನೆಯಾಗಲಿ ಕ್ರಿಯೆಯ ಬೆನ್ನಿಗೇ ಬರಬೇಕು, ತಡವಾದರೆ ನಾಯಿಗೆ ಅದರ ಅರ್ಥವಾಗದು ಎಂಬ ಆತನ ತತ್ತ್ವ ಇಂದಿಗೂ ಅಳಿದಿಲ್ಲ. ಆದರೆ ಬಲಾತ್ಕಾರಕ್ಕೆ ಅದರಲ್ಲಿ ದೊಡ್ಡ ಪಾತ್ರವಿತ್ತು. ಇಂದಿನ ಶಿಕ್ಷಕರು ತಿಂಡಿ, ಆಟ, ಮೆಚ್ಚುನುಡಿಗಳಿಂದಲೇ ಬಹುಪಾಲು ಕೆಲಸ ಸಾಧಿಸುತ್ತಾರೆ.

೧೯೧೪ರ ಮಹಾಯುದ್ಧ ಈ ನಾಯಿಯನ್ನು ಲೋಕಕ್ಕೆಲ್ಲ ಪರಿಚಯಿಸಿತು. ಜರ್ಮನಿಯ ಪಡೆಗಳಲ್ಲಿ ಸಾವಿರಾರು ನಾಯಿಗಳು ಸಂದೇಶ ಒಯ್ದವು. ಕತ್ತಲಲ್ಲಿ ಬಿದ್ದಿದ್ದ ಗಾಯಾಳುಗಳನ್ನು ಹುಡುಕಿಕೊಟ್ಟವು. ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಯೋಧರ ಸಲುವಾಗಿ ೧೯೧೬ರಲ್ಲಿ ಓಲ್ಡನ್‌ಬುರ್ಗಿನಲ್ಲಿ ದಾರಿತೋರುವ ನಾಯಿಗಳ ಶಾಲೆ ಆರಂಭವಾಯಿತು. ೧೯೨೩ರಲ್ಲಿ ಪಾಟ್ಸ್‌ಡಾಮಿನಲ್ಲಿ ಇನ್ನೂ ದೊಡ್ಡದೊಂದು ಶಾಲೆ ಎದ್ದಿತು. ಅದನ್ನು ಕಂಡ ಅಮೆರಿಕದ ಡೊರೊತಿ ಹ್ಯಾರಿಸನ್ ಯೂಸ್ಟಿಸ್ ೧೯೨೭ರಲ್ಲಿ ಒಂದು ಲೇಖನ ಬರೆದಳು. ಲೇಖನದ ಸುದ್ದಿ ತಿಳಿದ ಮಾರಿಸ್ ಫ್ರಾಂಕ್ ಎಂಬ ಅಂಧ ತರುಣ ೧೯೨೮ರಲ್ಲಿ ಸ್ವಿಟ್ಸರ್ಲೆಂಡಿನಲ್ಲಿದ್ದ ಆಕೆಯ ಕೇಂದ್ರಕ್ಕೆ ಹೋಗಿ ಬಡ್ಡಿ ಎಂಬ ಹೆಣ್ಣು ಶೆಫರ್ಡಿನೊಡನೆ ಊರಿಗೆ ಮರಳಿದ. ನ್ಯೂಯಾರ್ಕಿನ ದಟ್ಟಣೆಯ ರಸ್ತೆಯೊಂದನ್ನು ಪತ್ರಕರ್ತರ ಎದುರಿಗೇ ಅದರ ಜೊತೆಯಲ್ಲಿ ದಾಟಿ ತೋರಿಸಿದ. ಮರುವರ್ಷ ಅಮೆರಿಕದಲ್ಲೂ ಅಂಥ ಸಂಸ್ಥೆ ಹುಟ್ಟಿತು.

ಈ ದಾರಿತೋರುವ ನಾಯಿಗೆ ಕಲಿಸುವ ಕಟ್ಟಕಡೆಯ ಪಾಠ ಬಹು ಸ್ವಾರಸ್ಯವಾದದ್ದು. ಮುಂದೆ ನಡೆ ಎಂದು ಒಡೆಯ ಹೇಳುತ್ತಾನೆ. ಎದುರಿಗೆ ಗುಂಡಿಯಿದೆ, ಅಥವಾ ವಾಹನ ಬರುತ್ತಿದೆ. ಆಗ ನಾಯಿ ನಡೆಯಬಾರದು. ಆಜ್ಞೆಯನ್ನು ಮೀರಿ ಅಡ್ಡ ನಿಲ್ಲಬೇಕು. ವಿಧೇಯತೆಯ ಶಾಲೆಯಲ್ಲಿ ಅವಿಧೇಯತೆಗೆ ಅತ್ಯುನ್ನತ ತರಗತಿ! ಆದರೆ ನೇಗಿಲಸಾಲಿನ ಮೇಲೆ ಓಡುತ್ತಿದ್ದ ಮಂದೆನಾಯಿಯನ್ನು ನೆನೆದರೆ ಇದು ವಿಚಿತ್ರವೆನಿಸುವುದಿಲ್ಲ. ಒಡೆಯನ ಹಿತವನ್ನು ಒಡೆಯನ ಮಾತಿಗಿಂತ ಆಚೆಗೆ ಕಾಣಬಲ್ಲ ಬುದ್ಧಿ ಅಲ್ಲಿಂದಲೇ ಬಂದದ್ದು.

ಕೀರ್ತಿಯ ಹಿಂದೆಯೇ ಕೇಡೂ ಬಂತು. ಫ್ರಾನ್ಸಿನ ರಣರಂಗದಲ್ಲಿ ಅಮೆರಿಕದ ಸೈನಿಕನೊಬ್ಬನಿಗೆ ಸಿಕ್ಕಿದ ಮರಿ ರಿನ್ ಟಿನ್ ಟಿನ್ ಎಂಬ ಹೆಸರಿನಲ್ಲಿ ಚಲಚ್ಚಿತ್ರದ ತಾರೆಯಾಯಿತು. ಎಲ್ಲರಿಗೂ ಆ ನಾಯಿಯೇ ಬೇಕು. ಇಂಗ್ಲೆಂಡಿನವರು ಜರ್ಮನ್ ಎಂಬ ಶಬ್ದವನ್ನು ಸಹಿ‌ಸಲಾರದೆ ಆಲ್ಸೇಷಿಯನ್ ಎಂದು ಹೆಸರು ಬದಲಿಸಿದರು; ನಮ್ಮ ನಾಡಿಗೂ ಆ ಹೆಸರೇ ಬಂತು. ಬೇಡಿಕೆ ಏರಿದಂತೆ ನಾಯಿಯ ಮೈ ಹೆಚ್ಚು ಎತ್ತರವಾಗಿ, ಬಿಗಿ ತಪ್ಪಿ, ಮನಸ್ಸು ಪುಕ್ಕಲಾಗತೊಡಗಿತು. ಸ್ಟೆಫಾನಿಟ್ಸ್ ೧೯೨೦ರ ದಶಕದಲ್ಲಿ ಸಂತಾನಕ್ಕೆ ಯೋಗ್ಯವಾದ ನಾಯಿಗಳನ್ನು ಒಂದೊಂದಾಗಿ ಪರಿಶೀಲಿಸಿ ಆರಿಸುವ ಏರ್ಪಾಡು ಮಾಡಿದ. ೧೯೨೫ರಲ್ಲಿ ಶ್ರೇಷ್ಠತೆಯ ಬಿರುದನ್ನು ಕ್ಲೋಡೊ ಫಾನ್ ಬಾಕ್ಸ್‌ಬೆರ್ಗ್ ಎಂಬ ತಗ್ಗುಮೈಯ, ನೀಳವಾದ, ಗಟ್ಟಿ ಮನಸ್ಸಿನ ನಾಯಿಗೆ ಕೊಟ್ಟು ಇಡೀ ತಳಿಯ ದಿಕ್ಕನ್ನೇ ತಿರುಗಿಸಿದ.

ಈ ನಡುವೆ ವಿಧೇಯತೆಯ ಪರೀಕ್ಷೆಗಳು ಜರ್ಮನಿಯ ಗಡಿ ದಾಟಿದ್ದವು. ಇಂಗ್ಲೆಂಡಿನಲ್ಲಿ ೧೯೨೦ರ ದಶಕದಲ್ಲಿ ಅವು ನಡೆಯತೊಡಗಿದವು. ಅವುಗಳ ಮಾದರಿಯನ್ನು ಹಿಡಿದು ಹೆಲೆನ್ ವೈಟ್‌ಹೌಸ್ ವಾಕರ್ ಎಂಬಾಕೆ ೧೯೩೩ರ ಅಕ್ಟೋಬರಿನಲ್ಲಿ ನ್ಯೂಯಾರ್ಕ್ ಸಂಸ್ಥಾನದ ಮೌಂಟ್ ಕಿಸ್ಕೊದಲ್ಲಿ ಅಮೆರಿಕದ ಮೊದಲ ವಿಧೇಯತಾ ಪರೀಕ್ಷೆ ನಡೆಸಿದಳು. ಬಂದದ್ದು ಎಂಟು ನಾಯಿಗಳು. ಆಕೆ ಸಾಕುತ್ತಿದ್ದುದು ಪೂಡಲ್ ನಾಯಿಗಳನ್ನು. ಅವು ಬರಿಯ ಅಲಂಕಾರದ ಬೊಂಬೆಗಳಲ್ಲವೆಂದು ತೋರಿಸುವುದು ಆಕೆಯ ಛಲ. ೧೯೩೬ರಲ್ಲಿ ಅಮೆರಿಕದ ಶ್ವಾನ ಮಂಡಲಿ ಈ ಪರೀಕ್ಷೆಗಳಿಗೆ ಮನ್ನಣೆ ಕೊಟ್ಟಿತು.

ಅದೇ ವರ್ಷ ಸ್ಟೆಫಾನಿಟ್ಸ್ ತೀರಿಕೊಂಡ. ಆತನ ಕೊನೆಯ ದಿನಗಳನ್ನು ಹೇಳುವ ಮೊದಲು ಆತನ ನೆರಳನ್ನೂ ಹೇಳಬೇಕು, ಜೀವನಚರಿತ್ರೆ ಮಂಗಳಾರತಿಯಾಗಬಾರದು. ನಾಯಿಯ ಬೆಲೆಯನ್ನು ದುಡಿಮೆಯಿಂದ ಅಳೆದ ಈ ಮನುಷ್ಯ ಮನುಷ್ಯರ ಬೆಲೆಯನ್ನು ಅಳೆಯುವಾಗ ಆ ತಕ್ಕಡಿಯನ್ನು ಬಳಸಲಿಲ್ಲ. ರಕ್ತ, ಜನಾಂಗ ಎಂಬ ಆ ಕಾಲದ ಜರ್ಮನಿಯ ಗೀಳು ಆತನ ಗ್ರಂಥದಲ್ಲೂ ಇದೆ. ಯಹೂದ್ಯರನ್ನು ಕುರಿತ ಹೀನವಾದ ಮಾತುಗಳೂ ಇವೆ. ಕುಲವನ್ನು ಕಾಯಕದಿಂದ ಅಳೆಯಬೇಕೆಂದು ಹನ್ನೆರಡನೆಯ ಶತಮಾನದಲ್ಲೇ ಕೇಳಿದ ನಾಡಿನವರಾದ ನಮಗೆ ಈ ವೈಪರೀತ್ಯ ಥಟ್ಟನೆ ಕಾಣುತ್ತದೆ. ಆದರೆ ಕೇಳಿದ್ದನ್ನು ನಾವೆಷ್ಟು ಪಾಲಿಸಿದೆವೆಂಬ ಪ್ರಶ್ನೆಯೂ ಅದರ ಬೆನ್ನಿಗೇ ಬರುತ್ತದೆ.

೧೯೩೩ರಲ್ಲಿ ಹಿಟ್ಲರನ ಪಕ್ಷ ಅಧಿಕಾರಕ್ಕೆ ಬಂದಿತು. ಜರ್ಮನಿಯ ಸಂಘಸಂಸ್ಥೆಗಳೆಲ್ಲ ಒಂದೊಂದಾಗಿ ಅದರ ಮುಷ್ಟಿಗೆ ಸಿಕ್ಕಿದವು. ಮಂದೆನಾಯಿಗಳ ಸಂಘದಲ್ಲೂ ಆ ಪಕ್ಷದವರು ತುಂಬಿದರು. ಅವರಿಗೆ ಬೇಕಾದದ್ದು ಪ್ರಶ್ನೆ ಕೇಳದ ಅಧ್ಯಕ್ಷ. ಇರುವವನು ಯಾರ ಮಾತಿಗೂ ಸುಲಭವಾಗಿ ಬಗ್ಗದ ಹಳೆಯ ರಾವುತ. ಮೂವತ್ತಾರು ವರ್ಷ ಕಟ್ಟಿ ಬೆಳೆಸಿದ ಸಂಘದ ಅಧಿಕಾರವನ್ನು ಆತ ೧೯೩೫ರಲ್ಲಿ ಬಿಟ್ಟುಕೊಡಬೇಕಾಯಿತು. ಮುಂದಿನ ವರ್ಷ ಏಪ್ರಿಲ್ ೨೨ರಂದು ಆತ ಡ್ರೆಸ್ಡೆನ್ನಿನಲ್ಲಿ ಪ್ರಾಣಬಿಟ್ಟ. ಸಂಘ ಹುಟ್ಟಿದ್ದೂ ಅದೇ ತಾರೀಖು. ನಡುವೆ ಸರಿಯಾಗಿ ಮೂವತ್ತೇಳು ವರ್ಷ.

ಆಮೇಲೆ ನಡೆದದ್ದನ್ನು ನೋಡಲು ಆತ ಬದುಕಿರಲಿಲ್ಲ. ಕುರಿಯ ಮೈಗೆ ಹಲ್ಲಿನ ಗುರುತೂ ಆಗದಂತೆ ಹಿಡಿಯಲು ಕಲಿತ ವಂಶದ ನಾಯಿಗಳು ನಾಟ್ಸಿಗಳ ಸೆರೆಶಿಬಿರಗಳ ತಂತಿಬೇಲಿಯ ಪಕ್ಕದಲ್ಲಿ, ನಿರಪರಾಧಿಗಳಾದ ಮನುಷ್ಯರ ಮಂದೆಯ ಮೇಲೆ ಕಾವಲು ನಿಂತವು. ನಾಯಿಗೆ ಅಲ್ಲಿಯೂ ಇಲ್ಲಿಯೂ ಕಲಿಸಿದ್ದು ಅದೇ ಪಾಠ. ಬೇರೆಯಾದದ್ದು ಅಪ್ಪಣೆ ಕೊಟ್ಟವನ ಹೃದಯ. ಆ ಶಿಬಿರಗಳಲ್ಲಿ ಕೈಕಟ್ಟಿ ನಿಂತು ಅಪ್ಪಣೆ ಪಾಲಿಸಿದ ಮನುಷ್ಯರು, ಮುಂದೆ ನ್ಯಾಯಾಲಯಗಳಲ್ಲಿ, ತಾವು ಮೇಲಿನವರು ಹೇಳಿದಂತೆ ಮಾಡಿದೆವೆಂದು ಜಾರಿಕೊಳ್ಳಲು ನೋಡಿದರು. ಗುಂಡಿಯ ಮುಂದೆ ಅಡ್ಡ ನಿಲ್ಲುವ ನಾಯಿಗಿರುವಷ್ಟು ವಿವೇಕವನ್ನು ಅವರು ತೋರಲಿಲ್ಲ.

ಸ್ಟೆಫಾನಿಟ್ಸ್ ಅಂಜುತ್ತಿದ್ದ ಇನ್ನೊಂದು ಕೇಡೂ ಆಯಿತು. ತನ್ನ ಮಂದೆನಾಯಿ ಎಂದೆಂದಿಗೂ ದುಡಿಯುವ ನಾಯಿಯಾಗಿಯೇ ಉಳಿಯಬೇಕೆಂಬುದು ಆತನ ಆಶಯವಾಗಿತ್ತು. ಆತನ ಕಾಲದ ನಂತರ ತಳಿ ಎರಡಾಗಿ ಒಡೆಯಿತು: ಬಹುಮಾನದ ಕಟ್ಟೆಯ ಮೇಲೆ ನಿಲ್ಲುವ ನಾಯಿ ಒಂದು, ಬಯಲಿನಲ್ಲಿ ದುಡಿಯುವ ನಾಯಿ ಇನ್ನೊಂದು. ಮೊದಲನೆಯದರಲ್ಲಿ ಬೆನ್ನು ಹಿಂದಕ್ಕೆ ಇಳಿಜಾರಾಗಿರುವುದೇ ಚೆಲುವೆನಿಸಿಕೊಂಡಿತು. ಇಡೀ ತಳಿಯನ್ನು ಕಾಡುವ ಸೊಂಟದ ಕೀಲುಬೇನೆ ವೈದ್ಯರ ತಲೆನೋವಾಯಿತು. ಫಿಲಾಕ್ಸ್ ಸಂಘವನ್ನು ಒಡೆದ ಆ ಹಳೆಯ ಜಗಳವೇ ಹೊಸ ವೇಷದಲ್ಲಿ ಬಂದಿತ್ತು.

ಆದರೂ ಎಲ್ಲವೂ ಕೆಟ್ಟುಹೋಯಿತೆಂದು ನಾನು ಹೇಳಲಾರೆ. ಜರ್ಮನಿಯಲ್ಲಿ ಮಂದೆ ಕಾಯುವ ಪಂದ್ಯ ಇಂದಿಗೂ ನಡೆಯುತ್ತದೆ. ಲೋಕದ ಅನೇಕ ಬಯಲುಗಳಲ್ಲಿ ವಾರದ ಕೊನೆಗೆ ಗುಮಾಸ್ತರೂ ಗೃಹಿಣಿಯರೂ ನಿವೃತ್ತರೂ ತಮ್ಮ ನಾಯಿಗಳನ್ನು ಕರೆದೊಯ್ದು, ಕುಳಿತುಕೋ, ಮಲಗು, ಬಾ ಎಂಬ ಮೂರು ಮಾತುಗಳನ್ನು ನೂರು ಸಲ ಹೇಳುತ್ತಾರೆ. ಮಾತು ನಾಯಿಗೆ ತಿಳಿಯುವ ಮೊದಲು ಅವರಿಗೇ ಒಂದು ಸಂಗತಿ ತಿಳಿಯುತ್ತದೆ: ಬಾ ಎಂದು ಕರೆದಾಗ ನಾಯಿ ಓಡಿಬರಬೇಕಾದರೆ, ಕರೆಯುವವನ ಬಳಿಗೆ ಬಂದದ್ದಕ್ಕಾಗಿ ಅದು ಹಿಂದೆಂದೂ ಏಟು ತಿಂದಿರಬಾರದು. ಅಂಕಗಳನ್ನು ತೀರ್ಪುಗಾರ ನಾಯಿಯ ಹೆಸರಿನ ಮುಂದೆ ಬರೆಯುತ್ತಾನೆ. ಪರೀಕ್ಷೆಗೆ ಕುಳಿತವನು ಅದರ ಪಕ್ಕದಲ್ಲಿ ನಿಂತಿರುವ ಮನುಷ್ಯನೆಂಬುದು ಸ್ಟೆಫಾನಿಟ್ಸನಿಗೆ ತಿಳಿದಿತ್ತು.